ಒಂದು ಲಕ್ಷದ ಎಂಟು ಬತ್ತಿ

ಈಗಿನ ಮಕ್ಕಳಿಗೆ ಒಂದು ಲಕ್ಷ ಎಂದರೆ ಒಂದರ ಮುಂದೆ ಐದು ಸೊನ್ನೆ. ನನಗೆ ಆ ಸಂಖ್ಯೆ ಕಿವಿಗೆ ಬಿದ್ದೊಡನೆ ಇದ್ದಿಲಿನ ಶೇಗಡಿಯ ಬೂದಿಯ ವಾಸನೆ ಬರುತ್ತದೆ. ಅಷ್ಟೊಂದು ವರ್ಷ ಶಾಲೆಯಲ್ಲಿ ಗಣಿತ ಕಲಿಸಿದವಳು ಹೀಗೆ ಹೇಳಬಾರದು. ಆದರೆ ಏನು ಮಾಡಲಿ, ನಾನು ಲಕ್ಷವನ್ನು ಮೊದಲು ಕಂಡದ್ದು ನಮ್ಮ ಅಡುಗೆಮನೆಯ ನೆಲದ ಮೇಲೆ. ಮುಲುಂಡಿನ ಒಂದು ಚಾಳಿನ ಮೊದಲ ಮಹಡಿಯಲ್ಲಿ ನಮ್ಮ ಎರಡು ಖೋಲಿಗಳಿದ್ದವು. ಹೊರಗಿನದು ಮಲಗಲು, ಕೂರಲು, ಬಂದವರನ್ನು ಮಾತಾಡಿಸಲು; ಒಳಗಿನದು ಅಡುಗೆಗೆ, ಸ್ನಾನಕ್ಕೆ, ದೇವರಿಗೆ. ದೇವರ ಗೂಡಿಗೂ ಬಚ್ಚಲ ಮೋರಿಗೂ ನಡುವೆ ಒಂದು ಮಣೆ ಹಾಕುವಷ್ಟೇ ಜಾಗ. ಆ ಮಣೆ ಅಜ್ಜಿಯದು. ಅಪ್ಪನ ತಾಯಿ, ವಿಜಾಪುರದ ಕಡೆಯವಳು. ಬೊಂಬಾಯಿಗೆ ಬಂದು ಎಷ್ಟೋ ವರ್ಷಗಳಾಗಿದ್ದರೂ ಲೋಕಲ್ ಗಾಡಿ ಹತ್ತಿದ್ದು ನಾಲ್ಕೈದು ಸಲ ಇದ್ದರೆ ಹೆಚ್ಚು. ಆದರೂ ಇಡೀ ಮನೆಯನ್ನು ಆ ಮಣೆಯ ಮೇಲೆ ಕೂತೇ ನಡೆಸುತ್ತಿದ್ದಳು. ಅವಳು ಕೆಮ್ಮಿದರೆ ಅವ್ವ ಒಲೆಯ ಉರಿ ಸಣ್ಣ ಮಾಡುತ್ತಿದ್ದಳು, ಅಪ್ಪ ಪೇಪರು ಮಡಚುತ್ತಿದ್ದ.

ಆ ವರ್ಷ ಶ್ರಾವಣದಲ್ಲಿ ನಮ್ಮ ಕಾಕಾ ರಕ್ತ ವಾಂತಿ ಮಾಡಿಕೊಂಡ. ಅಪ್ಪನ ತಮ್ಮ, ವಸಂತ ಅವನ ಹೆಸರು. ಭಾಂಡುಪದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ. ಮದುವೆಯಾಗಿ ಎರಡು ವರ್ಷವೂ ತುಂಬಿರಲಿಲ್ಲ. ಹೊಟ್ಟೆಯಲ್ಲಿ ಹುಣ್ಣಾಗಿದೆ ಎಂದು ಹೇಳಿ ಡಾಕ್ಟರು ಅವನನ್ನು ಹಾಲು, ಗಂಜಿಯ ಮೇಲೆ ಇಟ್ಟರು. ಖಾರ ಇಲ್ಲದೆ ತುತ್ತು ಎತ್ತದವನು ಮಗುವಿನ ಹಾಗೆ ಬಟ್ಟಲು ಹಿಡಿದು ಕೂರುವುದನ್ನು ನೋಡಲಾರದೆ ಅವ್ವ ನಮ್ಮೆಲ್ಲರ ಸಾರಿಗೂ ಮೆಣಸಿನಕಾಯಿ ಹಾಕುವುದನ್ನು ಬಿಟ್ಟಳು. ಅವ್ವ ಆ ಮನೆಗೆ ಸೊಸೆಯಾಗಿ ಬಂದಾಗ ಕಾಕಾ ಇನ್ನೂ ಚಡ್ಡಿ ಹಾಕುತ್ತಿದ್ದ. ಅವನ ತಲೆಗೆ ಎಣ್ಣೆ ಹಚ್ಚಿ, ಹೇನು ಹೆಕ್ಕಿ, ಬೈದು ಬೆಳೆಸಿದವಳು ಅವಳು. ಈ ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಅವಳು ಆಡುವ ಮಾತುಗಳನ್ನು ಓದಿ ನೀವು ಅವಳನ್ನು ಕೆಟ್ಟವಳೆಂದು ತಿಳಿಯಬಾರದು. ಅವಳಿಗೆ ಹೆದರಿಕೆಯಾಗಿತ್ತು. ನಮ್ಮ ಮನೆಯಲ್ಲಿ ಎಲ್ಲರಿಗೂ ಹೆದರಿಕೆಯಾದರೆ ಸಿಟ್ಟೇ ಬರುತ್ತಿತ್ತು, ನನಗೂ ಅದೇ ಬಳುವಳಿ ಬಂದಿದೆ.

ಅಜ್ಜಿ ಹರಕೆ ಹೊತ್ತಳು. ಕಾರ್ತಿಕದಲ್ಲಿ ಲಕ್ಷ ಬತ್ತಿ ಸುಡುತ್ತೇನೆ, ನನ್ನ ಮಗನನ್ನು ಉಳಿಸು ಎಂದು. ಲಕ್ಷ ಬತ್ತಿಯೆಂದರೆ ಅಂಗಡಿಯಿಂದ ತಂದು ಸುಡುವುದಲ್ಲ. ಮನೆಯ ಹೆಂಗಸರು ಮಡಿಯಲ್ಲಿ ಕೂತು ಒಂದೊಂದೇ ಬತ್ತಿಯನ್ನು ಹೊಸೆಯಬೇಕು. ಹತ್ತಿ ಬಿಡಿಸಿ, ಬೀಜ ತೆಗೆದು, ಎಳೆ ಎಳೆದು, ಬೆರಳಿಗೆ ಬೂದಿ ಮುಟ್ಟಿಸಿಕೊಂಡು ಅಂಗೈ ಮೇಲೆ ಒಂದು ಸಲ ಸರಕ್ಕನೆ ತಿಕ್ಕಿದರೆ ಒಂದು ಬತ್ತಿ. ನೂರೆಂಟು ಬತ್ತಿಗೆ ಒಂದು ದಾರ ಸುತ್ತಿದರೆ ಒಂದು ಕಟ್ಟು. ಹೊಸೆಯುವಾಗ ಚಾಡಿ ಹೇಳಬಾರದು, ಬೈಯಬಾರದು. ಹೀಗಾಗಿ ಆ ಮೂರು ತಿಂಗಳು ನಮ್ಮ ಅಡುಗೆಮನೆ ಮಧ್ಯಾಹ್ನದ ಹೊತ್ತು ಬಹಳ ಶಾಂತವಾಗಿತ್ತು. ಬಾಯಿಗೆ ಬಂದದ್ದೆಲ್ಲ ಸಂಜೆಗೆ ಉಳಿದಿರುತ್ತಿತ್ತು. ಅಜ್ಜಿ ಕೆಲಸವನ್ನು ಮೂರು ಸಮಪಾಲು ಮಾಡಿದಳು: ತನಗೊಂದು, ಅವ್ವನಿಗೊಂದು, ಕಾಕಾನ ಹೆಂಡತಿ ಮಾಲತಿ ಕಾಕೂಗೊಂದು.

ಆಗ ನನಗೆ ಹನ್ನೊಂದು ವರ್ಷ. ಲಕ್ಷ ಎಂಬ ಸಂಖ್ಯೆಯ ಸ್ವಭಾವವನ್ನು ನನಗೆ ಮೊದಲು ತೋರಿಸಿದವಳು ಕಾಕೂ. ಅವಳು ಸೊಲ್ಲಾಪುರದ ಮಾಸ್ತರರೊಬ್ಬರ ಮಗಳು, ಮ್ಯಾಟ್ರಿಕ್ ಪಾಸಾದವಳು. ಸಂಜೆ ಗ್ಯಾಲರಿಯಲ್ಲಿ ಅಕ್ಕಿ ಆರಿಸುತ್ತ ನನ್ನ ಕೈಗೆ ಪಾಟಿ ಕೊಟ್ಟು ಲಕ್ಷವನ್ನು ಒಡೆಯಲು ಹೇಳುತ್ತಿದ್ದಳು. ಎರಡರಿಂದ ಒಡೆಯುತ್ತದೆ, ಐದರಿಂದ ಒಡೆಯುತ್ತದೆ. ಆ ಎರಡು ಮನೆತನ ಬಿಟ್ಟರೆ ಲಕ್ಷಕ್ಕೆ ಬೇರೆ ಸಂಬಂಧವೇ ಇಲ್ಲ. ಮೂರರಿಂದ ಭಾಗಿಸಿದರೆ ಒಂದು ಉಳಿಯುತ್ತದೆ. ಸೊನ್ನೆ ಹೆಚ್ಚಿಸಿ ಹತ್ತು ಲಕ್ಷ ಮಾಡು, ಕೋಟಿ ಮಾಡು, ಆ ಒಂದು ಹೋಗುವುದಿಲ್ಲ. ನಾನು ಪಾಟಿ ತುಂಬ ಸೊನ್ನೆ ಬರೆದು ಭಾಗಿಸಿ ನೋಡಿದೆ. ಮೂರು, ಮೂರು, ಮೂರು ಎಂದು ಸಾಲು ಓಡುತ್ತಲೇ ಇತ್ತು, ಕೊನೆಗೆ ಅದೇ ಒಂದು. ನನಗೆ ಮೈ ಜುಂ ಎಂದಿತು. ದೊಡ್ಡವರು ಯಾರೂ ಹೇಳಿ ಮಾಡಿಸದೆ, ಯಾರಿಗೂ ಹೆದರದೆ, ತನ್ನಷ್ಟಕ್ಕೆ ಹಾಗೆಯೇ ಇರುವ ಸಂಗತಿಯೊಂದನ್ನು ನಾನು ಕಂಡದ್ದು ಅದೇ ಮೊದಲು. ಒಳಗಿನಿಂದ ಅವ್ವನ ದನಿ ಬರುತ್ತಿತ್ತು:

“ಮಾಲತೀ, ಅಕ್ಕಿ ಆರಸ್ಲಿಕ್ಕೆ ಹೋದಾಕಿ ಸಾಲಿ ತಗದಿ ಏನು? ಆ ಹುಡಗೀಗೆ ಭಾಂಡಿ ತಿಕ್ಕೂದು ಕಲಸು ಮೊದಲ.”

ಆಶ್ವೀಜದಲ್ಲಿ ಕಾಕಾ ಮತ್ತೆ ರಕ್ತ ಕಾರಿದ. ಈ ಸಲ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ; ಯಾರೋ ಪುಣ್ಯವಂತರು ಟ್ಯಾಕ್ಸಿಯಲ್ಲಿ ಆಸ್ಪತ್ರೆಗೆ ಸೇರಿಸಿ ಮನೆಗೆ ಹೇಳಿಹೋದರು. ಇನ್ನು ಕಾಯುವಂತಿಲ್ಲ, ಹೊಟ್ಟೆ ಕೊಯ್ಯಲೇಬೇಕು, ಬದುಕುವ ಖಾತ್ರಿ ಕೊಡಲಾರೆವು ಎಂದು ಡಾಕ್ಟರು ಅಪ್ಪನಿಗೆ ಹೇಳಿದರಂತೆ. ಮೊದಲು ಮೈಗೆ ಸ್ವಲ್ಪ ರಕ್ತ ಕೂಡಬೇಕು ಎಂದು ಆಪರೇಷನ್ ದೀಪಾವಳಿಯ ನಂತರದ ಒಂದು ಬುಧವಾರಕ್ಕೆ ಗೊತ್ತಾಯಿತು. ಅಜ್ಜಿ ಅದರ ಹಿಂದಿನ ಸೋಮವಾರ ಬತ್ತಿ ಸುಡುವುದೆಂದು ನಿಶ್ಚಯಿಸಿದಳು. ಕಾಕೂ ದಿನಾ ಬೆಳಗ್ಗೆ ಹಾಲಿನ ಡಬ್ಬಿ ಹಿಡಿದು ಗಾಡಿಯಲ್ಲಿ ಆಸ್ಪತ್ರೆಗೆ ಹೋಗಿ ಮಧ್ಯಾಹ್ನ ತಿರುಗಿ ಬಂದು, ಮೈಮೇಲೆ ನೀರು ಸುರಿದುಕೊಂಡು, ಊಟಕ್ಕೂ ಕೂರದೆ ಬತ್ತಿ ಹೊಸೆಯುತ್ತಿದ್ದಳು. ತಿಂಗಳಿಗೆ ಮೂರು ದಿನ ಅವಳು ಹೊರಗೆ ಕೂರಬೇಕಾಗುತ್ತಿತ್ತು, ಆಗ ಹತ್ತಿ ಮುಟ್ಟುವ ಹಾಗಿಲ್ಲ. ಆದರೂ ಎಲ್ಲರಿಗಿಂತ ಮೊದಲು ಅವಳೇ ತನ್ನ ಪಾಲು ಮುಗಿಯಿತೆಂದು ಚೀಲದ ಬಾಯಿ ಕಟ್ಟಿಟ್ಟಳು. ಅವ್ವ ಅದನ್ನು ನೋಡಿದಳು.

ಶನಿವಾರ ಮಧ್ಯಾಹ್ನ ಅಜ್ಜಿ ಮೂವರ ಕಟ್ಟುಗಳನ್ನೂ ಎಣಿಸಿ ಟ್ರಂಕಿಗೆ ತುಂಬಿಸಲು ಕೂತಳು. ತನ್ನವು ಮುನ್ನೂರ ಮೂವತ್ತನಾಲ್ಕು. ಅವ್ವನವು ಮುನ್ನೂರ ಮೂವತ್ತಮೂರು. ಕಾಕೂನ ಚೀಲ ಬೇಗ ಖಾಲಿಯಾಯಿತು. ಅಜ್ಜಿ ಮತ್ತೆ ಮೊದಲಿನಿಂದ ಎಣಿಸಿದಳು. ಮುನ್ನೂರ ಒಂಬತ್ತು.

“ಇಪ್ಪತ್ನಾಕು ಕಟ್ಟು ಕಮ್ಮಿ ಅವ,” ಎಂದಳು ಅಜ್ಜಿ.

“ಕಮ್ಮಿ ಇಲ್ರಿ ಅತ್ತಿ. ಲೆಕ್ಕಾ ಹಾಕೇ ಮಾಡೀನಿ,” ಎಂದಳು ಕಾಕೂ.

“ಯಾವ ಲೆಕ್ಕಾ?” ಅವ್ವ ಒಲೆಯ ಮುಂದಿನಿಂದ ಎದ್ದು ಬಂದಳು.

“ಲಕ್ಷದ್ದು, ವೈನಿ. ನನ್ನ ಪಾಲು ಬರೋಬ್ಬರ ಅದ. ನೋಡಿದ್ರ ನಿಮ್ದಽ ಹೆಚ್ಚಾಗ್ಯದ.”

ಇದು ಹೇಳಬಾರದ ಮಾತಾಯಿತು. ಅಜ್ಜಿ ಕಾಕೂನ ಒಂದು ಕಟ್ಟು ಬಿಚ್ಚಿ ಬತ್ತಿ ಎಣಿಸಿದಳು, ನೂರೆಂಟು ಸರಿಯಾಗಿದ್ದವು. ಅವ್ವನ ಒಂದು ಕಟ್ಟು ಬಿಚ್ಚಿದಳು, ಅದೂ ನೂರೆಂಟು. ಕಟ್ಟು ಒಂದೇ, ಲಕ್ಷ ಒಂದೇ, ಪಾಲು ಮೂರೇ. ಹಾಗಾದರೆ ಒಬ್ಬರು ಸುಳ್ಳು ಹೇಳುತ್ತಿರಬೇಕಲ್ಲ! ಅವ್ವನ ಕೈಬೆರಳುಗಳ ತುದಿಗಳು ಬೂದಿಗೆ ಒಡೆದು ಕೆಂಪಾಗಿದ್ದವು. ಆ ಕೈಗಳನ್ನು ಅವಳು ಕಾಕೂನ ಮುಖದ ಮುಂದೆ ಹಿಡಿದಳು.

“ತಿಂಗಳಿಗೆ ಮೂರು ದಿನಾ ಹೊರಗ ಕೂತೀದಿ. ದಿನಾ ಅರ್ಧಾ ಹೊತ್ತು ದವಾಖಾನ್ಯಾಗಿದ್ದಿ. ಆದ್ರೂ ನಮಗಿಂತ ಮೊದಲ ಮುಗಸ್ದಿ. ಹೆಂಗ ಅಂತ ನಾನೂ ಯೋಚನಿ ಮಾಡ್ಲಿಕತ್ತಿದ್ದೆ. ಯಾರ ಸಲುವಾಗಿ ಮಾಡೂದು ಇದು? ನಿನ್ನ ಗಂಡನ ಸಲುವಾಗಿ! ಅವನ ಜೀವದಾಗ ಕದೀಲಿಕ್ಕೆ ನಿನಗ ಮನಸರ ಹೆಂಗ ಬಂತು?”

ಕಾಕೂನ ಮುಖ ಬಿಳಿಚಿಕೊಂಡಿತು. ಮಾಸ್ತರರ ಮಗಳಿಗೆ ತನ್ನ ಲೆಕ್ಕದ ಮೇಲೆ ಎಷ್ಟು ಅಭಿಮಾನವೋ ಅಷ್ಟೇ ಹಟ. ಕದ್ದಿಲ್ಲವೆಂದು ಅಳುತ್ತ ಹೇಳಿದ್ದರೆ ಪ್ರಾಯಶಃ ಅಲ್ಲಿಗೇ ಮುಗಿಯುತ್ತಿತ್ತು. ಅವಳು, “ನಂಬೂದಿದ್ರ ನಂಬ್ರಿ,” ಎಂದು ಗೋಡೆಯ ಕಡೆ ತಿರುಗಿ ಕೂತಳು. ಅಜ್ಜಿ ಟ್ರಂಕಿನ ಮುಚ್ಚಳ ಹಾಕಿ, ಅದರ ಮೇಲೆ ಕೈಯಿಟ್ಟು, ಗಟ್ಟಿದನಿಯೇನೂ ಮಾಡದೆ ತೀರ್ಪು ಹೇಳಿದಳು. ಉಳಿದ ಕಟ್ಟುಗಳನ್ನು ಅವ್ವ ಹೊಸೆದು ಪೂರೈಸಲಿ. ಸೋಮವಾರ ಬತ್ತಿಗೆ ದೀಪ ಮುಟ್ಟಿಸುವುದೂ ಅವ್ವನೇ. ದೇವರ ಲೆಕ್ಕದಲ್ಲಿ ಕಮ್ಮಿ ಮಾಡಿದ ಕೈ ಆ ದೀಪ ಮುಟ್ಟಬಾರದು, ರೋಗಿಯ ಹಾಲನ್ನೂ ಮುಟ್ಟಬಾರದು. ಆಪರೇಷನ್ ಆಗುವವರೆಗೆ ಆಸ್ಪತ್ರೆಗೆ ಅವ್ವ ಹೋಗಲಿ.

ಆಪರೇಷನ್ನಿಗೆ ಮೊದಲು ಗಂಡನ ಮುಖ ನೋಡುವ ಹಾಗಿಲ್ಲ ಎಂಬುದು ಹನ್ನೊಂದು ವರ್ಷದ ನನಗೂ ತಿಳಿಯಿತು. ಅವನು ತಿರುಗಿ ಬರದಿದ್ದರೆ? ಕಾಕೂ ಊಟ ಮಾಡಲಿಲ್ಲ. ಸಂಜೆ ಅಪ್ಪ ಆಫೀಸಿನಿಂದ ಬಂದು ಕಾಲು ತೊಳೆದು ಕೂತಾಗ ನಾನು ಹೋಗಿ ಎಲ್ಲ ಹೇಳಿದೆ. ಅಪ್ಪ ಒಳಗೊಮ್ಮೆ ನೋಡಿ, ದನಿ ತಗ್ಗಿಸಿ, “ಹೆಂಗಸರ ವ್ರತದಾಗ ನಾ ಬರೂದಿಲ್ಲವಾ. ಅವರ ಲೆಕ್ಕಾ ಅವರಿಗೇ ಗೊತ್ತು,” ಎಂದು ಪೇಪರು ಬಿಡಿಸಿದ. ಆ ಪೇಪರನ್ನು ಕಸಿದು ಹರಿಯಬೇಕೆನ್ನಿಸಿತು. ನಮ್ಮ ಗಂಡಸರಿಗೆ ಮನೆ ಹೊತ್ತಿ ಉರಿದರೂ ಅದು ಅಡುಗೆಮನೆಯ ವಿಷಯ.

ಭಾನುವಾರ ಬೆಳಗ್ಗೆ ನಳದ ನೀರು ನಿಂತ ಮೇಲೆ ಅಜ್ಜಿ ಜಪಕ್ಕೆ ಕೂತಳು. ಜಪದ ಲೆಕ್ಕ ಇಡುವುದು ನನ್ನ ಕೆಲಸ. ಅಜ್ಜಿ ಒಂದು ಮಾಲೆ ತಿರುಗಿಸಿ ಮುಗಿಸಿದಾಗ ಒಂದು ಹುಣಸೆಬೀಜವನ್ನು ಎಡಗಡೆಯಿಂದ ಬಲಗಡೆಗೆ ಸರಿಸಬೇಕು. ಹತ್ತು ಬೀಜ ಸರಿದರೆ, “ಸಾವಿರ ಆತು ಅಜ್ಜಿ,” ಎಂದು ಹೇಳಬೇಕು. ವರ್ಷಗಟ್ಟಲೆ ಹಾಗೆ ಹೇಳಿದ್ದೆ, ಒಮ್ಮೆಯೂ ಯೋಚಿಸಿರಲಿಲ್ಲ. ಆ ದಿನ ತಲೆಯಲ್ಲಿ ರಾತ್ರಿಯೆಲ್ಲ ನೂರೆಂಟು ನೂರೆಂಟು ಎಂದು ಓಡಿತ್ತು. ಹತ್ತನೆಯ ಬೀಜ ಸರಿಸಿದವಳು ಬಾಯಿ ತೆರೆದು ಹಾಗೇ ಕೂತೆ. ಮಾಲೆಯಲ್ಲಿ ಮಣಿ ನೂರೆಂಟು. ಹತ್ತು ಮಾಲೆಗೆ ಸಾವಿರ ಹೇಗಾಗುತ್ತದೆ?

“ಸಾವಿರ ಅಲ್ಲ ಅಜ್ಜಿ, ಸಾವಿರದಾ ಎಂಬತ್ತು.”

ಅಜ್ಜಿ ಕಣ್ಣು ತೆರೆದಳು. “ಮಾಲಿ ನೂರೆಂಟರದು, ಹಿಡಿಯೂದು ನೂರು. ಎಂಟು ದೇವರಿಗೆ ಬಿಡಬೇಕು. ಜಪಾ ಮಾಡೂವಾಗ ಮನಸು ಎಲ್ಲೆಲ್ಲೋ ಹರದಾಡ್ತದಲಾ, ಆ ತಪ್ಪಿಗೆ.”

“ಬತ್ತಿ ಕಟ್ಟಿಗೂ ಹಂಗೇನು?”

“ಮತ್ತ? ಕಟ್ಟು ಕಟ್ಟೂದೂ ನೂರೆಂಟರದಽ ಅಲ್ಲೇನು? ಒಂದ ಕಟ್ಟಿಗೆ ನೂರು. ಸಾವಿರ ಕಟ್ಟಿಗೆ ಲಕ್ಷ.”

“ಇದನ್ನ ಕಾಕೂಗ ಯಾರು ಹೇಳಿದ್ರು?”

“ಹೇಳೂದೇನದ ಅದರಾಗ? ಎಲ್ಲಾರ ಮನ್ಯಾಗೂ ಹಂಗಽ.”

ಎಲ್ಲರ ಮನೆಯಲ್ಲೂ ಹಾಗಿರಲಿಲ್ಲ. ಸೊಲ್ಲಾಪುರದ ಮಾಸ್ತರರ ಮನೆಯಲ್ಲಿ ನೂರೆಂಟೆಂದರೆ ನೂರೆಂಟೇ. ನಾನು ಬೀಜಗಳನ್ನು ಅಲ್ಲೇ ಚೆಲ್ಲಿ ಪಾಟಿ ತರಲು ಓಡಿದೆ. ಹೊರಗಿನ ಖೋಲಿಯಲ್ಲಿ ಅವ್ವ ಆಸ್ಪತ್ರೆಗೆ ಹೊರಟು ಹಾಲಿನ ಡಬ್ಬಿ ಹಿಡಿದು ಚಪ್ಪಲಿ ಮೆಟ್ಟುತ್ತಿದ್ದಳು. ಕಾಕೂ ಗ್ಯಾಲರಿಯ ಕಟಾಂಜನ ಹಿಡಿದು ನಿಂತಿದ್ದಳು, ಅವ್ವನ ಕೈಯಲ್ಲಿದ್ದ ಡಬ್ಬಿಯ ಕಡೆ ನೋಡದೆ. ನಾನು ಬಾಗಿಲಿಗೆ ಅಡ್ಡ ನಿಂತೆ.

“ಅವ್ವಾ, ಹೋಗಬ್ಯಾಡ. ಕಾಕೂ ಕದ್ದಿಲ್ಲ. ನಿಮ್ಮಿಬ್ಬರದೂ ಖರೆ ಅದ.”

“ಇಬ್ಬರದೂ ಖರೆ ಅಂದ್ರ ಯಾರದೂ ಖರೆ ಅಲ್ಲ. ಸರಿ ಆಚೆ, ಗಾಡಿ ತಪ್ತದ.”

“ವಿಜೀ, ಒಳಗ ಬಾ. ನೀನೂ ಬಾ ಸುಶೀಲಾ,” ಎಂದು ಅಡುಗೆಮನೆಯಿಂದ ಅಜ್ಜಿ ನನ್ನನ್ನೂ ಅವ್ವನನ್ನೂ ಕರೆದಳು. ಆಮೇಲೆ ಸ್ವಲ್ಪ ತಡೆದು, “ಮಾಲತಿನ್ನೂ ಕರಿ,” ಎಂದಳು.

ನಾನು ಪಾಟಿಯನ್ನು ಮಣೆಯ ಮುಂದಿಟ್ಟು ಕೂತೆ. ನಮ್ಮ ಮನೆಯಲ್ಲಿ ಮಕ್ಕಳು ದೊಡ್ಡವರ ನಡುವೆ ಬಾಯಿ ಹಾಕಿದರೆ ಲಟ್ಟಣಿಗೆಯೇ ಉತ್ತರ ಹೇಳುತ್ತಿತ್ತು. ಅಜ್ಜಿ ಮತ್ತು ಅವ್ವ ಕಟ್ಟಿಗೆ ನೂರರಂತೆ ಹಿಡಿದು ಸಾವಿರ ಕಟ್ಟು ಮಾಡಲು ಹೊರಟಿದ್ದಾರೆ, ಮೂರರಲ್ಲಿ ಭಾಗಿಸಿ ಉಳಿದ ಒಂದನ್ನು ಅಜ್ಜಿ ವಹಿಸಿಕೊಂಡಿದ್ದಾಳೆ. ಕಾಕೂ ಕಟ್ಟಿಗೆ ನೂರೆಂಟರಂತೆ ಹಿಡಿದಿದ್ದಾಳೆ, ಅದಕ್ಕೇ ಅವಳಿಗೆ ಕಡಿಮೆ ಕಟ್ಟು ಬಂದಿವೆ ಎಂದು ಹೇಳಿದೆ. ಅಜ್ಜಿ ಶಾಲೆಯ ಮುಖ ಕಂಡವಳಲ್ಲ, ಆದರೆ ಮುಕ್ಕಾಲು ಮಗ್ಗಿಯವರೆಗೆ ಬಾಯಿಪಾಠ ಇದ್ದವಳು. ಪಾಟಿಯ ಕಡೆ ನೋಡಲೂ ಇಲ್ಲ.

“ಕಟ್ಟಿಗೆ ಎಂಟು ಅಂದ್ರ ಸಾವಿರ ಕಟ್ಟಿಗೆ ಎಂಟು ಸಾವಿರ ದೇವರಿಗೆ ಬಿಟ್ಟಂಗಾತು,” ಎಂದಳು ತನ್ನಷ್ಟಕ್ಕೇ.

ಬಾಗಿಲಲ್ಲಿ ನಿಂತಿದ್ದ ಕಾಕೂ ನಿನ್ನೆಯಿಂದ ಮೊದಲ ಬಾರಿಗೆ ಬಾಯಿ ಬಿಟ್ಟಳು. “ನನಗ ಈ ಪದ್ಧತಿ ಗೊತ್ತಽ ಇರಲಿಲ್ರಿ ಅತ್ತಿ. ಆದ್ರೂ ಎಂಟು ಸಾವಿರ ತಪ್ಪು ನಾವು ಮೂರು ಮಂದಿ ಹೆಂಗ ಮಾಡ್ತೀವಿ?”

ಅಜ್ಜಿಯ ತುಟಿಯ ಒಂದು ತುದಿ ಸ್ವಲ್ಪ ಅಲುಗಿತು. ಅವ್ವ ಮಾತ್ರ ಡಬ್ಬಿಯನ್ನು ಕೆಳಗೂ ಇಡದೆ, “ಪದ್ಧತಿ ಅಂದ್ರ ಪದ್ಧತಿ. ದೇವರ ಎಂಟು ಬಿಡದ ಲಕ್ಷ ಲಕ್ಷ ಅಲ್ಲ,” ಎಂದಳು. ಅಜ್ಜಿಯ ಮುಖ ಮತ್ತೆ ಬಿಗಿಯಿತು. ನಾನು ಪಾಟಿ ಒರೆಸಿ ಕಾಕೂನ ಲೆಕ್ಕವನ್ನು ಮೊದಲಿಂದ ಮಾಡಿದೆ. ಲಕ್ಷವನ್ನು ನೂರೆಂಟರಿಂದ ಭಾಗಿಸಿದರೆ ಸರಿಯಾಗಿ ಹೋಗುವುದಿಲ್ಲ. ಮೂರರ ಮಗ್ಗಿಯಲ್ಲಿ ಬರುವ ಯಾವುದರಿಂದಲೂ ಲಕ್ಷ ಹೋಗುವುದಿಲ್ಲ. ಒಂಬೈನೂರ ಇಪ್ಪತ್ತೈದು ಕಟ್ಟಿಗೆ ನೂರು ಬತ್ತಿ ಕಡಿಮೆ ಬೀಳುತ್ತವೆ. ಇನ್ನೊಂದು ಕಟ್ಟು ಸೇರಿಸಿದರೆ ಲಕ್ಷ ದಾಟುತ್ತದೆ; ಆ ಒಂಬೈನೂರ ಇಪ್ಪತ್ತಾರನ್ನು ಮೂರು ಪಾಲು ಮಾಡಿದರೆ ಪಾಲಿಗೆ ಮುನ್ನೂರ ಎಂಟು, ಉಳಿದ ಎರಡರಲ್ಲಿ ಒಂದನ್ನು ಕಾಕೂ ವಹಿಸಿಕೊಂಡಿದ್ದಾಳೆ. ಎಷ್ಟು ದಾಟುತ್ತದೆ ಎಂದು ಗುಣಿಸಿ ನೋಡಿದೆ. ಬರೆದದ್ದನ್ನು ನಂಬದೆ ಇನ್ನೊಮ್ಮೆ ಗುಣಿಸಿದೆ.

“ಅಜ್ಜೀ, ಕಾಕೂನ ಲೆಕ್ಕದಾಗ ಒಂಬೈನೂರಾ ಇಪ್ಪತ್ತಾರು ಕಟ್ಟಿಗೆ ಲಕ್ಷ ಮುಗೀತದ. ಒಟ್ಟು ಬತ್ತಿ ಒಂದು ಲಕ್ಷದಾ ಎಂಟು.”

“ಎಷ್ಟು?”

“ಲಕ್ಷದ ಮ್ಯಾಲೆ ಎಂಟು.”

“ಏಳಲ್ಲ? ಒಂಬತ್ತಲ್ಲ?”

“ಎಂಟೇ. ನಾ ಇಟ್ಟಿದ್ದಲ್ಲ ಅಜ್ಜಿ, ತಾನಽ ಬಂತು.”

ಅಜ್ಜಿ ಪಾಟಿಯನ್ನು ತನ್ನ ಕಡೆ ಎಳೆದುಕೊಂಡಳು. ಅಂಕಿಗಳು ಅವಳಿಗೆ ಓದಲು ಬರುತ್ತಿದ್ದವು. ಬೆರಳಿನಿಂದ ಕೊನೆಯ ಎಂಟನ್ನು ಮುಟ್ಟಿ, ಆ ಬೆರಳನ್ನು ಕಣ್ಣಿಗೆ ಒತ್ತಿಕೊಂಡಳು. ಎರಡೂ ಗಲ್ಲ ಬಡಿದುಕೊಂಡು, “ಅವನ ಎಂಟು ಅವನಽ ಇಟಗೊಂಡಾನ. ನಾವ್ಯಾರು ಕೊಡಾವರು,” ಎಂದಳು. ಮುಂದೆ ಕಾಲೇಜಿನಲ್ಲಿ ದೊಡ್ಡ ದೊಡ್ಡ ಸಂಖ್ಯೆಗಳ ಗುಣಗಳನ್ನು ಪುಟಗಟ್ಟಲೆ ಸಾಧಿಸಿದ್ದೇನೆ. ಆದರೆ ಒಂದು ಸಂಖ್ಯೆ ಒಂದು ಮನೆಯೊಳಗೆ ಬಂದು ಸಾಕ್ಷಿ ಹೇಳಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಗೆದ್ದೆವು ಎಂದುಕೊಂಡು ಕಾಕೂನ ಕಡೆ ನೋಡಿದೆ. ಅವಳ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ.

“ಈಗ ಇದ್ದ ಕಟ್ಟೇ ಲಕ್ಷಕ್ಕಿಂತ ಹೆಚ್ಚಾಗ್ಯಾವ. ನಾಳೆ ದೀಪಾ ನೀನಽ ಮುಟ್ಟಸು ಮಾಲತಿ. ಸುಶೀಲಾ, ಆ ಹಾಲಿನ ಡಬ್ಬಿ ಅಕೀ ಕೈಯಾಗ ಕೊಡು,” ಎಂದಳು ಅಜ್ಜಿ.

ಅವ್ವ ಡಬ್ಬಿಯನ್ನು ಕಾಕೂನ ಮುಂದೆ ನೆಲದ ಮೇಲಿಟ್ಟಳು. “ಹಂಗಾರ ನಾ ಬೆರಳು ಹರಕೊಂಡು ಹೊಸದಿದ್ದು ದಂಡಽ ಹೋತೇನು?” ಎಂದು ಕೇಳಿ, ಸೆರಗಿನಿಂದ ಮೂಗು ಒರೆಸಿಕೊಂಡಳು. ಕಾಕೂ ಡಬ್ಬಿ ಎತ್ತಿಕೊಂಡು ಎರಡು ಹೆಜ್ಜೆ ಹೋದವಳು ತಿರುಗಿದಳು.

“ಅತ್ತಿ, ನಾ ದವಾಖಾನಿಂದ ಬಂದು ಆ ಇಪ್ಪತ್ನಾಕು ಕಟ್ಟು ಹೊಸೀತೀನಿ.”

“ಬ್ಯಾಡಂತ ಹೇಳಿದ್ನಲಾ. ನಿನ್ನ ಲೆಕ್ಕಾ ಬರೋಬ್ಬರ ಅದ.”

“ಲೆಕ್ಕಕ್ಕಲ್ರಿ. ಬುಧವಾರ ಏನರ ಹೆಚ್ಚುಕಮ್ಮಿ ಆದ್ರ ಎಲ್ಲಾರ ಕಣ್ಣೂ ಆ ಇಪ್ಪತ್ನಾಕು ಕಟ್ಟಿನ ಮ್ಯಾಲೇ ಹೋಗ್ತಾವ. ಅವತ್ತ ಯಾರೂ ಪಾಟಿ ನೋಡೂದಿಲ್ಲ. ಜೀವಾ ಇರೂತನಕಾ ನನಗ ಆ ಮಾತು ಕೇಳೂದು ಆಗೂದಿಲ್ಲ.”

ಅವಳು ಮೆಟ್ಟಿಲಿಳಿದು ಹೋದಳು. ಮಧ್ಯಾಹ್ನ ಅವಳು ತಿರುಗಿ ಬಂದು ನೀರು ಹಾಕಿಕೊಂಡು ಹತ್ತಿಯ ಮುಂದೆ ಕೂತಾಗ ಅವ್ವ ಒಲೆ ಆರಿಸಿ, ಮಣೆ ಎಳೆದುಕೊಂಡು ಅವಳ ಪಕ್ಕಕ್ಕೆ ಬಂದು ಕೂತಳು. ಸಮಾಧಾನದ ಮಾತು ಅವ್ವನ ಬಾಯಲ್ಲಿ ಹುಟ್ಟುತ್ತಿರಲಿಲ್ಲ. “ಬೂದಿ ಇತ್ಲಾ ಕಡೆ ಸರಸು,” ಎಂದಳಷ್ಟೆ. ಕಾಕೂ ಸರಿಸಿದಳು. ಅಜ್ಜಿಯೂ ಕೂತಳು. ನಾನಿನ್ನೂ ಸಣ್ಣವಳೆಂದು ಅದುವರೆಗೆ ನನಗೆ ಹತ್ತಿ ಮುಟ್ಟಲು ಕೊಟ್ಟಿರಲಿಲ್ಲ; ಆ ದಿನ ಕೊಟ್ಟರು. ನನ್ನ ಬತ್ತಿಗಳು ಗಂಟು ಗಂಟಾದವು, ಅವ್ವ ಒಂದೂ ಬಿಸಾಡಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಕಟ್ಟುಗಳು ಮುಗಿದವು. ಟ್ರಂಕಿನ ಮುಚ್ಚಳದ ಮೇಲೆ ನನ್ನನ್ನು ಕೂರಿಸಿ ಕೊಂಡಿ ಹಾಕಬೇಕಾಯಿತು.

ಸೋಮವಾರ ಸಂಜೆ ಚಾಳಿನ ಅಂಗಳದಲ್ಲಿ, ತುಲಸಿಯ ಡಬ್ಬಿಯ ಮುಂದೆ, ಗೌಂಡಿಗಳಿಂದ ಕೇಳಿ ತಂದು ತಿಕ್ಕಿ ತೊಳೆದ ಗಾರೆ ಹೊರುವ ದೊಡ್ಡ ಕಬ್ಬಿಣದ ಘಮೇಲಿಯಲ್ಲಿ ತುಪ್ಪದಲ್ಲಿ ನೆನೆದ ಬತ್ತಿಗಳನ್ನು ಗುಡ್ಡೆ ಹಾಕಿದರು. ಕಾಕೂ ದೀಪ ಮುಟ್ಟಿಸಿದಳು. ಉರಿ ಮೊದಲ ಮಹಡಿಯ ಗ್ಯಾಲರಿಯಷ್ಟು ಎತ್ತರಕ್ಕೆದ್ದಾಗ ಮರಾಠಿ ನೆರೆಯವರು “ಅಗ ಬಾಯಿ!” ಎಂದು ಮಕ್ಕಳನ್ನು ಹಿಂದಕ್ಕೆಳೆದುಕೊಂಡರು. ಅಜ್ಜಿ ಕೈ ಮುಗಿದು ನಿಂತಿದ್ದಳು. ಕಾಕೂ ಕೈ ಮುಗಿಯುವುದನ್ನೂ ಮರೆತು ಉರಿಯನ್ನೇ ನೋಡುತ್ತಿದ್ದಳು.

ಬುಧವಾರ ಬೆಳಗ್ಗೆ ಅಪ್ಪ ಮತ್ತು ಕಾಕೂ ಆಸ್ಪತ್ರೆಗೆ ಹೋದರು. ನನ್ನನ್ನು ಶಾಲೆಗೆ ಕಳಿಸಲಿಲ್ಲ. ಏನಾದರೂ ಆದರೆ ಕರೆಯಲು ಯಾರು ಹೋಗುತ್ತಾರೆ ಎಂದು. ಅಜ್ಜಿ ಜಪ ಬಿಟ್ಟೇಳಲಿಲ್ಲ. ಅವ್ವ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದಳು. ನಾನು ಗ್ಯಾಲರಿಯ ನೆಲದ ಮೇಲೆ ಸೀಮೆಸುಣ್ಣ ಹಿಡಿದು ಕೂತು ಲಕ್ಷದ ಎಂಟನ್ನು ಒಡೆಯತೊಡಗಿದೆ. ನೂರೆಂಟು ಒಂದು ಕಡೆ. ಒಂಬೈನೂರ ಇಪ್ಪತ್ತಾರು ಇನ್ನೊಂದು ಕಡೆ. ಅದನ್ನು ಎರಡರಿಂದ ಒಡೆದರೆ ನಾನೂರ ಅರವತ್ತಮೂರು. ಆಮೇಲೆ ಅದು ಒಡೆಯಲಿಲ್ಲ. ಮೂರರಿಂದ ಭಾಗಿಸಿದೆ, ಒಂದು ಉಳಿಯಿತು. ಏಳರಿಂದ, ಒಂದು ಉಳಿಯಿತು. ಹನ್ನೊಂದರಿಂದ ಭಾಗಿಸಿದರೂ ಒಂದೇ. ಆಗ ನನ್ನ ಮನಸ್ಸಿನಲ್ಲಿ ಒಂದು ಮಾತು ಹೊಕ್ಕಿತು: ಇದು ಒಡೆಯದಿದ್ದರೆ ಕಾಕಾ ಬದುಕುತ್ತಾನೆ. ಹೊಕ್ಕ ಮೇಲೆ ಅದನ್ನು ಹೊರಗೆ ಹಾಕಲು ಆಗಲಿಲ್ಲ. ಹದಿಮೂರಕ್ಕೆ ಬಂದಾಗ ಸೀಮೆಸುಣ್ಣ ಬೆವರಿಗೆ ಜಾರುತ್ತಿತ್ತು. ಒಡೆಯಲಿಲ್ಲ. ಹದಿನೇಳು. ಒಡೆಯಲಿಲ್ಲ. ಹತ್ತೊಂಬತ್ತರ ಮಗ್ಗಿಯನ್ನು ಕಾಕೂನೇ ಕಲಿಸಿದ್ದಳು. ಬಾಯಿ ತಡವರಿಸಿ ಎರಡು ಸಲ ಮೊದಲಿನಿಂದ ಹೇಳಿಕೊಂಡೆ. ಏಳು ಉಳಿಯಿತು. ಇನ್ನು ಮುಂದೆ ನೋಡಬೇಕಾಗಿಲ್ಲ ಎಂಬುದು ಆಗ ಗೊತ್ತಿರಲಿಲ್ಲ, ಇಪ್ಪತ್ತಮೂರು, ಇಪ್ಪತ್ತೊಂಬತ್ತು ಎಂದು ಹೋಗುತ್ತಲೇ ಇದ್ದೆ. ಗ್ಯಾಲರಿಯ ಬಿಸಿಲು ಗೋಡೆ ಹತ್ತಿತು. ಆಗ ಕೆಳಗೆ ಅಂಗಳದಲ್ಲಿ ಅಪ್ಪ ಕಾಣಿಸಿದ. ಮೇಲೆ ನೋಡಿ ಎರಡೂ ಕೈ ಎತ್ತಿದ. ಅಪ್ಪನ ಕೈ ಅಷ್ಟು ಮೇಲೆ ಹೋಗಿದ್ದನ್ನು ನಾನು ಮೊದಲೆಂದೂ ನೋಡಿರಲಿಲ್ಲ. ಅವ್ವ ಕೈಯಲ್ಲಿದ್ದ ತಂಬಿಗೆಯನ್ನು ಅಲ್ಲೇ ಬಿಟ್ಟಳು.

ಕಾಕಾ ಮನೆಗೆ ಬಂದದ್ದು ಕಾರ್ತಿಕ ಮುಗಿದ ಮೇಲೆ, ಅರ್ಧ ಮೈಯಾಗಿ. ಮಾತಾಡಿಸಲು ಬಂದವರಿಗೆಲ್ಲ ಅವ್ವ ಚಹಾ ಕೊಟ್ಟು, “ಲಕ್ಷ ಬತ್ತಿ ಕೈ ಬಿಡಲಿಲ್ಲ ನೋಡ್ರಿ. ನಮ್ಮ ಮಾಲತಿ ಲೆಕ್ಕಾ ಅಂದ್ರ ಲೆಕ್ಕಾ! ಒಂದೂ ಆಚೀಚಿ ಆಗಲಿಲ್ಲ,” ಎಂದು ಹೇಳುತ್ತಿದ್ದಳು. ಎಷ್ಟು ಮನಸಾರೆ ಹೇಳುತ್ತಿದ್ದಳೆಂದರೆ, ಶನಿವಾರದ ಅವ್ವ ಇವಳೇ ಹೌದೋ ಎಂದು ನನಗೇ ಅನುಮಾನ ಬರುತ್ತಿತ್ತು. ಒಂದು ಸಂಜೆ ಹಾಗೇ ಒಳಗೆ ಅವಳ ಮಾತು ನಡೆದಿತ್ತು. ಗ್ಯಾಲರಿಯಲ್ಲಿ ಕಾಕೂ ಅಕ್ಕಿ ಆರಿಸುತ್ತಿದ್ದಳು. ನಾನು ಅವಳಿಗೆ ನನ್ನ ನಾನೂರ ಅರವತ್ತಮೂರನ್ನು ತೋರಿಸಿದೆ, ಅದು ಯಾವುದಕ್ಕೂ ಒಡೆಯದೆ ಕಾಕಾನನ್ನು ಉಳಿಸಿದ್ದನ್ನು ಹೇಳಿದೆ. ಕಾಕೂ ನಗುತ್ತಾಳೆಂದುಕೊಂಡಿದ್ದೆ. ಅವಳು ಮೊರದಲ್ಲಿದ್ದ ಕೈಯನ್ನು ತಡೆದು ನನ್ನನ್ನು ನೋಡಿದಳು.

“ಅವರು ಹೊಳ್ಳಿ ಬರದಿದ್ರ, ನಾನೂರಾ ಅರವತ್ತಮೂರು ಒಡೀತಿತ್ತೇನು?”

“ಇಲ್ಲ.” ನನಗೆ ನಾಚಿಕೆಯಾಯಿತು.

“ಲಕ್ಷದಾ ಎಂಟು?”

“ಅದೂ ಹಂಗಽ ಇರ್ತಿತ್ತು. ಅದು ಯಾವಾಗ್ಲೂ ಬರೋಬ್ಬರ, ಕಾಕೂ. ಯಾರು ಬಂದ್ರೂ, ಯಾರು ಬರದಿದ್ರೂ.”

ಒಳಗೆ ಅವ್ವ ಯಾರಿಗೋ ಮತ್ತೊಮ್ಮೆ, “ನಮ್ಮ ಮಾಲತಿ ಲೆಕ್ಕಾ...” ಎನ್ನುತ್ತಿದ್ದಳು. ಕಾಕೂ ಅದನ್ನು ಕೇಳಿಸಿಕೊಂಡಳು.

“ನಿನಗ ಬರೋಬ್ಬರ ಇರ್ತಿತ್ತು, ಮಗಾ,” ಎಂದಳು. “ನನಗ ಇರ್ತಿದ್ದಿಲ್ಲ.”

ಆಮೇಲೆ ಅವಳು ಮೊರವನ್ನು ಎತ್ತಿಕೊಂಡು, ಅಕ್ಕಿ ತೊಳೆಯಲು ಒಳಗೆ ಹೋದಳು.